ಖಣ ತೊಟ್ಟ ದಾಳಿಂಬೆ

ಭಾಂಡುಪಿನ ಶಾಂತಿನಿಕುಂಜ ಸೊಸೈಟಿಯ ಹಿಂದುಗಡೆ, ನೀರಿನ ಟಾಕಿಗೂ ಕಂಪೌಂಡ್ ಗೋಡೆಗೂ ನಡುವಿನ ತುಂಡು ನೆಲದಲ್ಲಿ ಒಂದು ನವರಾತ್ರಿಯ ಮಟ್ಟಿಗೆ ದೇವಿ ನೆಲೆಸಿದ್ದಳು. ಅದಕ್ಕೆ ಕಾರಣ ಭಕ್ತಿಯಲ್ಲ, ಗಿಳಿ. ಗಿಳಿಗಿಂತ ಹಿಂದಕ್ಕೆ ಹೋದರೆ, ಬೀಗರು.

ಬೀಗರೆಂದರೆ ಇಂಡಿ ತಾಲೂಕಿನ ಮರೆಪ್ಪನವರು. ಆ ಸೊಸೈಟಿಯ ಶಿವಪುತ್ರಪ್ಪನ ಒಬ್ಬಳೇ ಮಗಳು ರಾಧಿಕಾಳನ್ನು ಅವರ ಮಗನಿಗೆ ಕೊಟ್ಟಿತ್ತು. ಮರೆಪ್ಪನವರಿಗೆ ದಾಳಿಂಬೆ ತೋಟವಿತ್ತು. ತೋಟ ಇರುವವರು ಬಹಳ ಜನ ಇದ್ದಾರೆ. ಆದರೆ ಮರೆಪ್ಪನವರು ಹೋದಲ್ಲೆಲ್ಲ ತೋಟವನ್ನು ಜೊತೆಗೆ ಹೊತ್ತು ತಿರುಗುವವರು. ಬೇಸಿಗೆಯಲ್ಲಿ ಮೊಣಕಾಲು ತೋರಿಸಲು ಮುಂಬಯಿಗೆ ಬಂದವರು ಡಾಕ್ಟರಿಗೂ ಮೊಣಕಾಲಿನ ವಿಷಯ ಹೇಳುವ ಮೊದಲು ಹನಿ ನೀರಾವರಿಯ ವಿಷಯ ಹೇಳಿದ್ದರು. ಆ ದಿನ ಸಂಜೆ ಶಿವಪುತ್ರಪ್ಪನ ಮನೆಯಲ್ಲಿ ಚಹಾ ಕುಡಿಯುತ್ತ ಕಿಟಕಿಯಾಚೆ ನೋಡಿ ನಿಟ್ಟುಸಿರಿಟ್ಟರು.

"ನಿಮ್ಮ ಮುಂಬೈದಾಗ ಏನ್ ಬೆಳೀತೈತ್ರಿ ಬೀಗರ? ಒಂದ ಬಿಲ್ಡಿಂಗ್ ಬೆಳೀತಾವ. ಇಲ್ಲಂದ್ರ ಹೊಟ್ಟಿ ಬೆಳೀತಾವ."

ಹೇಳುವಾಗ ಅವರ ಕಣ್ಣು ಶಿವಪುತ್ರಪ್ಪನ ಅಂಗಿಯ ಗುಂಡಿಗಳ ಮೇಲಿತ್ತು. ಅಷ್ಟಕ್ಕೇ ನಿಂತಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೇವಂತಿ ನಕ್ಕುಬಿಟ್ಟಳು. ಕುರ್ಲಾದ ಔಷಧ ಕಂಪನಿಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿ ಇಪ್ಪತ್ತೈದು ವರ್ಷ ಯಾರಿಗೂ ಎದುರಾಡದೆ ಕಳೆದ ಶಿವಪುತ್ರಪ್ಪನ ಬಾಯಿಂದ ಆಗ ಹೀಗೊಂದು ಮಾತು ಹೊರಟಿತು:

"ಯಾಕ ಬೆಳೆಯಂಗಿಲ್ರಿ? ಹಿತ್ತಲದಾಗ ನಮ್ಮ ದಾಳಿಂಬ್ರಿ ಗಿಡ ಐತಿ. ದಸರಾಕ್ಕ ಬರ್ರಿ. ನಮ್ಮ ಗಿಡದ ಹಣ್ಣ ನಿಮಗ ತಿನ್ನಸಲಿಲ್ಲ ಅಂದ್ರ ಕೇಳ್ರಿ."

"ಬರತೀನ್ರಿ," ಎಂದರು ಮರೆಪ್ಪನವರು, ಬಹಳ ಸಂತೋಷದಿಂದ. "ತಿಂದು, ಹ್ಯಾಂಗಿತ್ತು ಅನ್ನೂದು ಊರಾಗ ಎಲ್ಲಾರಿಗೂ ಹೇಳತೀನಿ. ರಾಧಿಕಾ ನಮ್ಮಪ್ಪನ ಗಿಡ ಹಂಗ ಹಿಂಗ ಅಂತ ಭಾಳ ಹೇಳತಿರತಾಳ. ಆಕಿಗೂ ಒಂದ ಸಮಾಧಾನ."

ಹೀಗೆ ಗಿಡದ ಜೊತೆ ಮಗಳ ಮಾನವೂ ಬಿಗಿದುಕೊಂಡಿತು.

ಗಿಡ ಇದ್ದದ್ದು ಸುಳ್ಳಲ್ಲ. ನೆಲಮಹಡಿಯ ಮನೆ ಆದ್ದರಿಂದ ಶಿವಪುತ್ರಪ್ಪ ಟಾಕಿಯ ಪಕ್ಕದ ಮಣ್ಣಿನಲ್ಲಿ ನೆಟ್ಟಿದ್ದ. ಅದು ಹೂ ಬಿಡುತ್ತಿತ್ತು, ಹೂ ಉದುರಿಸುತ್ತಿತ್ತು. ಹಣ್ಣಿನ ಮಾತು ಎತ್ತಿರಲಿಲ್ಲ. ಅಂದಿನಿಂದ ಅವನು ಲೋಕಲ್‌ನಲ್ಲಿ ನೇತಾಡುತ್ತಲೂ ಮೊಬೈಲಿನಲ್ಲಿ ದಾಳಿಂಬೆಯ ವಿಡಿಯೋ ನೋಡತೊಡಗಿದ. ಬೇವಿನ ಹಿಂಡಿ ಹಾಕಿದ. ಮೀನಿನ ಗೊಬ್ಬರ ಹಾಕಿ ಮೊದಲ ಮಹಡಿಯವರಿಂದ ಬೈಸಿಕೊಂಡ. ಗಿಡಕ್ಕೆ ಕನಿಕರ ಬಂದಿರಬೇಕು, ನಾಲ್ಕು ಕಾಯಿ ಕಚ್ಚಿತು. ಮಳೆಗಾಲದಲ್ಲಿ ಒಂದು ಕೊಳೆತು ಬಿತ್ತು. ಇನ್ನೊಂದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದಕ್ಕೆ ಅದು ಒಳಗೇ ಬೆವರಿ ಬೂಷ್ಟು ಹಿಡಿಯಿತು. ಮೂರನೆಯದನ್ನು ಗಿಳಿಗಳು ಎಷ್ಟು ಅಚ್ಚುಕಟ್ಟಾಗಿ ತಿಂದವೆಂದರೆ ಸಿಪ್ಪೆ ಕೊಂಬೆಯಲ್ಲೇ ಬಟ್ಟಲಿನ ಹಾಗೆ ಉಳಿದಿತ್ತು.

ಉಳಿದದ್ದು ಒಂದು. ದಸರೆಗೆ ಹದಿನೈದು ದಿನವಿತ್ತು. ಶಿವಪುತ್ರಪ್ಪ ಅದಕ್ಕೆ ಪೇಪರು ಸುತ್ತಿದ, ಮಳೆಗೆ ಕರಗಿತು. ಈರುಳ್ಳಿ ಚೀಲದ ಬಲೆ ಹಾಕಿದ, ಗಿಳಿ ಅದರ ಮೇಲೆ ಕೂತು ಆರಾಮವಾಗಿ ತೂಗಾಡಿತು. ಕೊನೆಗೆ ಅವನ ಕಣ್ಣು ಸೇವಂತಿಯ ಟ್ರಂಕಿನ ಮೇಲೆ ಬಿತ್ತು.

ಆ ಟ್ರಂಕಿನಲ್ಲಿ ಕುಬಸದ ಖಣಗಳು, ಅಂದರೆ ರವಿಕೆ ಬಟ್ಟೆಯ ತುಂಡುಗಳು, ಇದ್ದವು. ಮದುವೆ, ಸೀಮಂತ, ಮನೆಯೊಕ್ಕಲು ಯಾವುದೇ ಇರಲಿ, ಹೆಣ್ಣುಮಗಳ ಉಡಿ ತುಂಬುವಾಗ ಅಕ್ಕಿ ಕೊಬ್ಬರಿಯ ಜೊತೆ ಒಂದು ಖಣ ಇಡಲೇಬೇಕು. ಅದನ್ನು ಯಾರೂ ಹೊಲಿಸಿ ತೊಡುವುದಿಲ್ಲ. ಒಬ್ಬರು ಕೊಟ್ಟದ್ದನ್ನು ಮಡಿಕೆ ಕೆಡದ ಹಾಗೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ಗುಳೇದಗುಡ್ಡದ ಮಗ್ಗದಿಂದ ಹೊರಟ ಖಣಗಳು ಮುಂಬಯಿಯ ತುಂಬ ಹೀಗೆ ಮನೆಯಿಂದ ಮನೆಗೆ ಓಡಾಡಿಕೊಂಡಿವೆ. ಒತ್ತಾದ ನೇಯ್ಗೆ, ಗಟ್ಟಿ ಬಟ್ಟೆ, ಗಾಳಿಯೂ ಆಡುತ್ತದೆ. ಶಿವಪುತ್ರಪ್ಪ ಹಸಿರು ಅಂಚಿನ ಕೆಂಪು ಖಣವೊಂದನ್ನು ಎತ್ತಿಕೊಂಡು ಹೋಗಿ, ಹಣ್ಣಿಗೆ ಸುತ್ತಿ, ನಾಲ್ಕು ಮೂಲೆಯನ್ನೂ ಮೇಲೆ ಸೇರಿಸಿ ಗಂಟು ಹಾಕಿದ.

ಅದು ಈಗ ಹೇಗೆ ಕಾಣುತ್ತಿತ್ತು ಎಂಬುದನ್ನು ನಮ್ಮ ಕಡೆಯ ಯಾವ ಹೆಂಗಸಾದರೂ ದೂರದಿಂದಲೇ ಹೇಳುತ್ತಿದ್ದಳು. ಶಿವಪುತ್ರಪ್ಪನಿಗೆ ಮಾತ್ರ ಅದು ಗಿಳಿಗೆ ಕಾಣದ ಹಣ್ಣಿನಂತೆ ಕಂಡಿತು. ನೆಮ್ಮದಿಯಿಂದ ಮಲಗಿದ.

ಮರುದಿನ ಘಟಸ್ಥಾಪನೆ, ನವರಾತ್ರಿಯ ಮೊದಲ ದಿನ. ಅವನ ಆಫೀಸಿಗೆ ಅಂದು ರಜೆ ಇಲ್ಲವಾದ್ದರಿಂದ ಅವನಿಗದು ಹೊಳೆದಿರಲಿಲ್ಲ. ಬೆಳಿಗ್ಗೆ ತಂಬಿಗೆ ಹಿಡಿದು ಹಿತ್ತಲಿಗೆ ಹೋದರೆ ಎರಡನೆಯ ಮಹಡಿಯ ರೂಪಾಲಿ ಗಿಡದ ಮುಂದೆ ಕಣ್ಣರಳಿಸಿ ನಿಂತಿದ್ದಳು. ಬೆಳಗಾವಿಯವಳು, ಕನ್ನಡ ಮರಾಠಿ ಎರಡರಲ್ಲೂ ಒಂದೇ ವೇಗದಲ್ಲಿ ಮಾತಾಡುವವಳು.

"ಅಹೋ ಕಾಕಾ! ದೇವಿನ್ನ ಕೂಡಿಸೀರಿ, ಉಡಿ ತುಂಬೀರಿ, ಬಿಲ್ಡಿಂಗ್‌ದಾಗ ಒಬ್ಬರಿಗೂ ಹೇಳಬಾರದ?"

ಶಿವಪುತ್ರಪ್ಪ ಗಿಡವನ್ನು ನೋಡಿದ. ರೂಪಾಲಿಯ ಕೈ ಖಣದ ಕಡೆ ಚಾಚಿತ್ತು.

"ಒಳಗ ಏನ್ ಇಟ್ಟೀರಿ? ನಾರಳ? ಟೆಂಗಿನಕಾಯಿ?"

ಹಣ್ಣಿದೆ ಎಂದರೆ ಮಧ್ಯಾಹ್ನದೊಳಗೆ ಮೂವತ್ತಾರು ಮನೆಗೆ ಗೊತ್ತಾಗುತ್ತದೆ. ಗೊತ್ತಾದರೆ ಸಂಜೆಯೊಳಗೆ ಹಣ್ಣಿರುವುದಿಲ್ಲ. ಶಿವಪುತ್ರಪ್ಪ ಒಂದು ಹೆಜ್ಜೆ ಅಡ್ಡ ಬಂದ.

"ಒಳಗ ಏನೂ ಇಲ್ಲ ತಂಗಿ. ಆದ್ರ ಮುಟ್ಟಬ್ಯಾಡ. ದಸರಾ ತನಕಾ ಅದನ್ನ ಯಾರೂ ಮುಟ್ಟಬಾರದು."

ರೂಪಾಲಿ ಕೈ ಹಿಂದೆ ತೆಗೆದುಕೊಂಡಳು. ಚಪ್ಪಲಿ ಬಿಟ್ಟಳು. ಅಲ್ಲಿಗೆ ಶಿವಪುತ್ರಪ್ಪನ ಕೈಯಲ್ಲಿದ್ದ ವಿಷಯ ಮುಗಿಯಿತು.

ಗಣಪತಿ ಹಬ್ಬದಿಂದ ಕೆಟ್ಟು ನಿಂತಿದ್ದ ಲಿಫ್ಟು ಅಂದೇ ಮಧ್ಯಾಹ್ನ ಮೇಲೇರಿತು. ಬೆಳಿಗ್ಗೆ ಮೆಕ್ಯಾನಿಕ್ ಬಂದುಹೋಗಿದ್ದ ಎಂಬುದು ನಿಜ. ಆದರೆ ಅವನು ಅದಕ್ಕೆ ಮುಂಚೆಯೂ ಎಷ್ಟೋ ಸಲ ಬಂದುಹೋಗಿದ್ದನಲ್ಲ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಮೊದಲು ಲಿಫ್ಟಿನ ಫೋಟೋ ಬಂತು, ಅದರ ಕೆಳಗೆ ಖಣದ ಫೋಟೋ ಬಂತು, ಅದರ ಕೆಳಗೆ ಮುಗಿದ ಕೈಗಳು ಸಾಲಾಗಿ ಬಂದವು.

ಸಂಜೆ ಶಿವಪುತ್ರಪ್ಪ ಆಫೀಸಿನಿಂದ ಬರುವಾಗ ಗಿಡದ ಬುಡದಲ್ಲಿ ಹೂವಿನ ರಾಶಿ, ದೀಪ, ಊದುಬತ್ತಿ. ಯಾರೋ ಅಜ್ಜಿ ಒಂದು ಪಾಕೀಟು ಹಾಲನ್ನು ಹಲ್ಲಿನಿಂದ ಕಚ್ಚಿ ತೆರೆಯುತ್ತಿದ್ದರು.

"ಅಯ್ಯಯ್ಯ, ಹಾಲ ಹಾಕಬ್ಯಾಡ್ರಿ! ಬುಡಕ್ಕ ಹಾಲ ನಡೆಯಂಗಿಲ್ಲ!"

"ಈ ದೇವಿಗೆ ಹಾಲು ನಡೆಯೋದಿಲ್ಲವಂತೆ," ಎಂದು ಸುದ್ದಿ ಏಳನೆಯ ಮಹಡಿಯವರೆಗೆ ಹೋಯಿತು.

ಮುಂದೆ ಹೀಗೇ ನಡೆಯಿತು. ಊದುಬತ್ತಿಯ ಹೊಗೆ ಎಲೆಗೆ ತಾಗುತ್ತದೆಂದು ಅವನು ಅದನ್ನು ಗೋಡೆಯ ಬಳಿ ಇಡಲು ಹೇಳಿದ. ದೇವಿಗೆ ಊದುಬತ್ತಿಯನ್ನು ಗೋಡೆಯ ಬಳಿಯೇ ಹಚ್ಚಬೇಕೆಂಬ ನಿಯಮವಾಯಿತು. ಬೆಳಗಿನ ಬಿಸಿಲಿಗೆ ಅಡ್ಡ ನಿಲ್ಲಬೇಡಿರೆಂದ; ಮೂಡಣ ದಿಕ್ಕು ದೇವಿಯ ಸಂಚಾರದ ದಾರಿಯೆಂದು ತಿಳಿದು ಜನ ಅತ್ತ ಹೋಗುವುದನ್ನೇ ಬಿಟ್ಟರು. ಮಣ್ಣು ತುಳಿದರೆ ಬೇರಿಗೆ ಗಾಳಿಯಾಡುವುದಿಲ್ಲ ಎಂದು ಒಮ್ಮೆ ವಿವರವಾಗಿಯೇ ತಿಳಿಸಿದ. ಎಲ್ಲರೂ ಗಂಭೀರವಾಗಿ ಕೇಳಿ, ಅಲ್ಲಿಂದಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವನು ಎಷ್ಟು ಕಾಳಜಿಯಿಂದ ಹೇಳುತ್ತಿದ್ದನೋ ಅಷ್ಟು ದೊಡ್ಡ ಪೂಜಾರಿಯಾಗುತ್ತಿದ್ದ.

ಎಲ್ಲಕ್ಕಿಂತ ಕಷ್ಟವಾದದ್ದು ಬಣ್ಣ. ನವರಾತ್ರಿಯ ಒಂದೊಂದು ದಿನಕ್ಕೆ ಒಂದೊಂದು ಬಣ್ಣ. ಅಂದು ಮುಂಬಯಿಯ ಲೋಕಲ್ ರೈಲಿನ ಲೇಡೀಸ್ ಡಬ್ಬಿಗೆ ಡಬ್ಬಿಯೇ ಆ ಬಣ್ಣ ಉಟ್ಟು ಹೋಗುತ್ತದೆ. ದೇವಿಯೊಬ್ಬಳೇ ಕೆಂಪಿನಲ್ಲಿ ಉಳಿದರೆ ಹೇಗೆ? ಎರಡನೆಯ ದಿನ ರೂಪಾಲಿ ಹಳದಿ ಖಣ ತಂದಳು. ಮುಟ್ಟಬಾರದೆಂದು ಹೇಳಿದ್ದನಲ್ಲ, ಹಳೆಯದನ್ನು ಬಿಚ್ಚಲಿಲ್ಲ. ಮೇಲೆಯೇ ಹಳದಿಯನ್ನು ಹೊದಿಸಿ, ಕಣ್ಣು ಮುಚ್ಚಿಕೊಂಡು ಗಂಟು ಹಾಕಿದಳು. ಮೂರನೆಯ ದಿನ ಹಸಿರು, ನಾಲ್ಕನೆಯ ದಿನ ಬೂದು. ಕಿತ್ತಳೆಯಷ್ಟಿದ್ದ ದೇವಿ ತೆಂಗಿನಕಾಯಿಯಷ್ಟಾಗಿ, ಆರನೆಯ ದಿನಕ್ಕೆ ಕುಂಬಳಕಾಯಿಯ ಮರಿಯಂತಾದಳು. ಕೊಂಬೆ ಬಾಗಿತು. ಶಿವಪುತ್ರಪ್ಪ ಗಾಬರಿಯಿಂದ ಮನೆಯ ನೆಲ ಒರೆಸುವ ಮಾಪಿನ ಕೋಲು ತಂದು ಆಸರೆ ಕೊಟ್ಟ. ಸಂಜೆಯೊಳಗೆ ಕೋಲಿಗೂ ಕುಂಕುಮ ಬಿದ್ದಿತ್ತು.

"ಒಳಗ ಬಿಸಿಲು ಹೋಗವಲ್ದು ಸೇವಂತಿ," ಎಂದು ಅವನು ರಾತ್ರಿ ಊಟಕ್ಕೆ ಕೂತಾಗ ಹೇಳಿದ. "ಹಣ್ಣ ಹ್ಯಾಂಗ ಮಾಗಬೇಕು?"

"ಹೋಗಿ ಹೇಳ್ರಿ ಮತ್ತ. ಇದು ದೇವಿ ಅಲ್ರೆವಾ, ಗಿಳಿ ಸಲುವಾಗಿ ನನ್ನ ಹೆಂಡತಿ ಖಣ ಕದ್ದು ಕಟ್ಟೇನಿ ಅಂತ," ಎಂದಳು ಸೇವಂತಿ ರೊಟ್ಟಿ ತಿರುವುತ್ತ. "ಅಷ್ಟೂ ಮನಿ ಹೆಣ್ಮಕ್ಕಳು ಕೂಡಿ ನಿಮ್ಮನ್ನ ಗಿಡಕ್ಕ ಕಟ್ಟತಾರ. ನಿಮಗೂ ದಿನಾ ಒಂದ ಬಣ್ಣದ್ದು ಸುತ್ತತಾರ."

"ನೀ ಏನ್ ಬೇಡಕೊಂಡಿ ಅಲ್ಲಿ? ಇವತ್ತ ನೀನೂ ಕೈ ಮುಗದಿ ಅಂತ ಕೇಳಿದೆ."

"ಬೇಡಕೊಂಡೆ ಏನರೆ. ನಿಮಗ್ಯಾಕ?"

ಏಳನೆಯ ದಿನ ಸೊಸೈಟಿಯ ಸೆಕ್ರೆಟರಿ ಕೊರಗಪ್ಪ ಬಂದರು. ವಡಾಲದ ಹೊಟೇಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಜೀವಮಾನ ಕಳೆದು ನಿವೃತ್ತರಾದ ಕರಾವಳಿಯವರು. ಶಾಂತಿನಿಕುಂಜವನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ಮಾತನ್ನು ಬಿಲ್ಡರನ ಜೊತೆ ಅರ್ಧದಾರಿಗೆ ತಂದವರು ಅವರೇ.

"ಎಂತ ಅವಾಂತರ ಮಾಡಿಟ್ಟಿದ್ದೀರಿ ಮಾರಾಯ್ರೆ? ದಸರಾ ಕಳೆದ ಕೂಡಲೆ ಬಿಲ್ಡರ್‌ನವರು ಅಳತೆಗೆ ಬರ್ತಾರೆ. ಇಲ್ಲಿ ದೇವಿ ಉಂಟು ಅಂತ ಗೊತ್ತಾದ್ರೆ ಅವರು ಮತ್ತೆ ಈ ಸ್ಟೇಶನ್ನಿನಲ್ಲಿ ಇಳೀಲಿಕ್ಕೂ ಇಲ್ಲ. ನಾವೆಲ್ಲ ಇದೇ ಸೋರುವ ಸ್ಲ್ಯಾಬಿನ ಅಡಿಯಲ್ಲಿ ಸಾಯ್ಬೇಕು."

"ದಸರಾ ದಿವಸ ನಾನ ತೆಗೀತೀನ್ರಿ ಸೆಕ್ರೆಟರಿ ಸಾಹೇಬ್ರ. ಖರೇನ ತೆಗೀತೀನಿ. ಅಲ್ಲೀತನಕಾ ಇರಲಿ."

"ನೀವು ತೆಗೀತೇನೆ ಅಂದ್ರೆ ಈ ಹೆಂಗಸರು ಬಿಡ್ತಾರಾ? ನಿನ್ನೆ ನಾನು ಗಿಡದ ಹತ್ತಿರ ಕೆಮ್ಮಿದ್ದಕ್ಕೇ ರೂಪಾಲಿಬಾಯಿ ನನ್ನನ್ನು ಹೇಗೆ ನೋಡಿದ್ರು ಗೊತ್ತುಂಟಾ?"

ಮಾತು ಮುಗಿಯಿತು ಎಂದುಕೊಂಡು ಶಿವಪುತ್ರಪ್ಪ ತಿರುಗಿದ. ಕೊರಗಪ್ಪ ಹೋಗಲಿಲ್ಲ. ಅತ್ತಿತ್ತ ನೋಡಿ ಚಪ್ಪಲಿಯಿಂದ ಪಾದ ಹೊರಗೆ ತೆಗೆದರು.

"ಹೊಸ ಬಿಲ್ಡಿಂಗಿನಲ್ಲಿ ನನಗೊಂದು ಕವರ್ಡ್ ಪಾರ್ಕಿಂಗ್ ಆಗ್ಬೇಕಿತ್ತು. ನೀವೊಂದು ಮಾತು ಹೇಳಿ."

"ಯಾರಿಗ್ರಿ? ಬಿಲ್ಡರ್‌ಗೆ?"

"ಬಿಲ್ಡರಿಗೆ ನಾನು ಹೇಳ್ತೇನೆ ಮಾರಾಯ್ರೆ. ನೀವು ಇವಳಿಗೆ ಹೇಳಿ!"

ಅಕ್ರಮವಾಗಿ ಗುಡಿ ಎದ್ದಿದೆಯೆಂದು ಯಾರೋ ದೂರು ಕೊಟ್ಟು, ಪಾಲಿಕೆಯಿಂದ ಒಬ್ಬ ಸಾಹೇಬರೂ ಬಂದರು. ಗುಡಿ ಎಲ್ಲಿ ಎಂದು ಹುಡುಕಿದರು. ಗೋಡೆಯಿಲ್ಲ, ಛಾವಣಿಯಿಲ್ಲ, ಗಂಟೆಯಿಲ್ಲ. ಒಂದು ಗಿಡ, ಅದರ ಮೇಲೆ ಬಟ್ಟೆ. ಗಿಡಕ್ಕೆ ಬಟ್ಟೆ ಹಾಕಬಾರದೆಂದು ಯಾವ ಕಾನೂನೂ ಅವರಿಗೆ ನೆನಪಾಗಲಿಲ್ಲ. ಹೋಗುವಾಗ ರೂಪಾಲಿಯ ಹತ್ತಿರ, ವರ್ಗಾವಣೆ ತಪ್ಪಬೇಕಾದರೆ ಎಷ್ಟು ಸುತ್ತು ಹಾಕಬೇಕು ಎಂದು ಕೇಳಿಕೊಂಡು ಹೋದರು.

ದಸರೆಯ ದಿನ ಮರೆಪ್ಪನವರು ಬಂದರು.

ಹಿತ್ತಲಿನಲ್ಲಿ ಆರತಿ ನಡೆದಿತ್ತು. ಇಡೀ ಸೊಸೈಟಿ ಅಲ್ಲಿತ್ತು. ಕೊರಗಪ್ಪ ಮೈಕು ಹಿಡಿದು, ಸಾಲಿನಲ್ಲಿ ಬರಬೇಕು, ಟಾಕಿಗೆ ಒರಗಬಾರದು ಎಂದು ಮೂರು ಭಾಷೆಯಲ್ಲಿ ಹೇಳುತ್ತಿದ್ದರು. ಮರೆಪ್ಪನವರು ಗೇಟಿನಿಂದ ನೇರ ಅಲ್ಲಿಗೇ ಬಂದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಮೊಣಕಾಲಿನ ನೋವನ್ನೂ ಲೆಕ್ಕಿಸದೆ ಅಡ್ಡಬಿದ್ದರು. ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

"ಛಲೋ ಆತು ಬೀಗರ. ಬರೂದರಾಗ ದರ್ಶನ ಆತು," ಎಂದು ಹಣೆಯ ಮಣ್ಣು ಒರೆಸಿಕೊಂಡರು. "ಈಗ ನಿಮ್ಮ ಗಿಡ ತೋರಸ್ರಿ."

ಶಿವಪುತ್ರಪ್ಪನ ಕಣ್ಣು ಖಣಗಳ ಗಂಟಿನ ಮೇಲೆ ಹೋಯಿತು.

"ದಾಳಿಂಬ್ರಿ ಗಿಡರೀ. ಹಣ್ಣ ತಿನ್ನಸ್ತೀನಿ ಅಂದಿದ್ರೆಲ್ಲ? ನಮ್ಮ ಮನ್ಯಾಗ ಎಲ್ಲಾರೂ ಫೋನ್ ಹಿಡಕೊಂಡ ಕುಂತಾರ, ಹ್ಯಾಂಗೈತಿ ಅಂತ ಕೇಳಾಕ."

"ಇದರಿ."

"ಯಾವುದು?"

"ನೀವು ಕಾಲಿಗೆ ಬಿದ್ರೆಲ್ಲ, ಇದ."

ಮರೆಪ್ಪನವರು ಒಂದು ಎಲೆಯನ್ನು ನೋಡಿದರು. ಇನ್ನೊಂದು ಎಲೆಯನ್ನು ನೋಡಿದರು. ದಾಳಿಂಬೆಯ ಎಲೆ ಅವರಿಗೆ ಗುರುತು ಸಿಗದೆ ಇರುತ್ತದೆಯೆ?

"ಮತ್ತ ಹಣ್ಣು?"

"ಒಳಗೈತ್ರಿ," ಎಂದ ಶಿವಪುತ್ರಪ್ಪ, ಎಲ್ಲ ಮುಗಿಯಿತು ಎಂಬ ದನಿಯಲ್ಲಿ.

ಆ ದನಿ ಸಣ್ಣದೇ ಆಗಿತ್ತು. ಆದರೆ ಮೈಕು ಹಿಡಿದ ಕೊರಗಪ್ಪ ಅವನ ಬಗಲಲ್ಲೇ ನಿಂತಿದ್ದರು. "ಒಳಗೈತ್ರಿ" ಎಂಬುದು ಟಾಕಿಯ ಗೋಡೆಗೆ ಬಡಿದು ಎಲ್ಲರ ಕಿವಿಗೂ ಬಂತು. ಆರತಿ ನಿಂತಿತು. ರೂಪಾಲಿ ತಾಟು ಹಿಡಿದುಕೊಂಡೇ ಮುಂದೆ ಬಂದಳು.

"ಕಾಕಾ, ಒಳಗ ಹಣ್ಣೈತಿ?"

"ಐತಿ ತಂಗಿ."

"ಘಟ ಕೂಡಿಸಿದ ದಿವಸ ನಾ ಕೇಳಿದೆ. ಒಳಗ ಏನೂ ಇಲ್ಲ ಅಂದ್ರಿ."

"ಅಂದಿದ್ದೆ."

ಶಿವಪುತ್ರಪ್ಪ ತಲೆ ತಗ್ಗಿಸಿದ. ಬೈಗುಳ ಯಾವ ಭಾಷೆಯಲ್ಲಿ ಶುರುವಾಗಬಹುದು ಎಂದು ಕಾದ. ರೂಪಾಲಿಯ ಕಣ್ಣಲ್ಲಿ ನೀರು ತುಂಬಿತು.

"ಏನೂ ಇರಲಾರದ ಖಣದಾಗ ಹಣ್ಣ ಆಗೈತ್ರೀ!" ಎಂದು ಅವಳು ಕೂಗಿದಳು. "ದೇವಿ ಫಳ ಕೊಟ್ಟಾಳ!"

ಅನಂತರದ ಗದ್ದಲವನ್ನು ವಿವರಿಸುವುದು ಕಷ್ಟ. ಶಂಖ ಇದ್ದವರು ಶಂಖ ಊದಿದರು, ಇಲ್ಲದವರು ಸ್ಟೀಲ್ ತಾಟು ಬಡಿದರು. ಆ ಗದ್ದಲದ ನಡುವೆ ತಲೆ ನೆಟ್ಟಗೆ ಇಟ್ಟುಕೊಂಡವರು ಕೊರಗಪ್ಪ ಒಬ್ಬರೇ. ಬಿಲ್ಡರನ ಜನ ಬರುವುದು ನಾಡಿದ್ದು. ಅವರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದರು.

"ಎಲ್ಲರೂ ಕೇಳಿ! ನಮ್ಮ ಊರಿನ ಕಡೆ ಒಂದು ಕ್ರಮ ಉಂಟು. ದೇವಿ ಫಲ ಕೊಟ್ಟ ಮೇಲೆ ಅವಳ ಕೆಲಸ ಮುಗೀತು, ಮತ್ತೆ ಒಂದು ರಾತ್ರಿ ಕೂಡ ಉಳೀಲಿಕ್ಕಿಲ್ಲ. ಹಾಗಾಗಿ ಇವತ್ತೇ ಪ್ರಸಾದ, ಇವತ್ತೇ ವಿಸರ್ಜನೆ. ಶಿವಪುತ್ರಪ್ಪನವರೇ, ಬಿಚ್ಚಿ!"

ಅಂಥ ಕ್ರಮ ಯಾವ ಊರಲ್ಲಿದೆಯೆಂದು ಯಾರೂ ಕೇಳಲಿಲ್ಲ. ಶಿವಪುತ್ರಪ್ಪ ಗಂಟು ಬಿಚ್ಚತೊಡಗಿದ. ಒಂದೊಂದು ಖಣ ಕಳಚಿದಾಗಲೂ ಹೆಂಗಸರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಕುಂಬಳಕಾಯಿ ತೆಂಗಾಯಿತು, ತೆಂಗು ಕಿತ್ತಳೆಯಾಯಿತು. ಕೊನೆಗೆ ಕೆಂಪು ಖಣದೊಳಗಿಂದ ಹೊರಬಂದ ಹಣ್ಣು ಬಹಳ ದಿನ ಆಸ್ಪತ್ರೆಯಲ್ಲಿದ್ದು ಬಂದವರ ಹಾಗೆ ಬಿಳಿಚಿಕೊಂಡಿತ್ತು. ತೊಟ್ಟಿನ ಹತ್ತಿರ ಮಾತ್ರ ಸ್ವಲ್ಪ ಕೆಂಪು. ಮರೆಪ್ಪನವರು ಕತ್ತು ಚಾಚಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಸುತ್ತಲಿನ ಮುಗಿದ ಕೈಗಳನ್ನು ಕಂಡು ಮುಚ್ಚಿಕೊಂಡರು.

ಅರ್ಧ ಹಣ್ಣನ್ನಾದರೂ ಬೀಗರಿಗೆ ಎತ್ತಿಡಬೇಕೆಂಬುದು ಶಿವಪುತ್ರಪ್ಪನ ಆಸೆ. ತಾಟು ರೂಪಾಲಿಯ ಕೈಯಲ್ಲಿತ್ತು. "ಒಬ್ಬೊಬ್ಬರಿಗೆ ಒಂದ ಕಾಳು ಕಾಕಾ, ಎಲ್ಲಾರಿಗೂ ಮುಟ್ಟಬೇಕು," ಎಂದಳು. ಸಾಲು ಟಾಕಿಯನ್ನು ಸುತ್ತಿ ಗೇಟಿನವರೆಗೆ ಹೋಗಿತ್ತು. ಬೀಗರನ್ನು ಮುಂದೆ ಕರೆದರೆ ಅವರು ಬರಲಿಲ್ಲ. "ಮೊದಲ ಹೆಣ್ಮಕ್ಕಳಿಗೆ ಕೊಡ್ರಿ. ನಾವೇನ್ ಮನಿ ಮಂದಿ," ಎಂದು ದೊಡ್ಡತನದಿಂದ ಹಿಂದೆ ಸರಿದು ಸಾಲಿನ ಕೊನೆಯಲ್ಲಿ ನಿಂತರು.

ಮೊದಲ ಕಾಳು ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಿಖಿತಾಳಿಗೆ ಸಿಕ್ಕಿತು. ಹುಡುಗಿ ಬಾಯಿಗೆ ಹಾಕಿಕೊಂಡು ಕಚ್ಚಿದಳು. ಅವಳ ಭುಜಗಳೆರಡೂ ಕಿವಿಯ ತನಕ ಏರಿದವು.

"ಅಂಕಲ್, ಇದು... ಬಹುತ್ ಖಟ್..." ಎನ್ನುವಷ್ಟರಲ್ಲಿ ರೂಪಾಲಿ ತಿರುಗಿ ನೋಡಿದಳು. "ಬಹುತ್... ಪವರ್‌ಫುಲ್ ಇದೆ," ಎಂದು ನಿಖಿತಾ ಮುಗಿಸಿದಳು.

ಶಿವಪುತ್ರಪ್ಪನಿಗೆ ಅರ್ಥವಾಯಿತು. ಸಾಲು ಮುಂದೆ ಬರುತ್ತಿತ್ತು. ಕೊರಗಪ್ಪ ಅಗಿದರು, ಅವರ ಕಣ್ಣಿನಿಂದ ದಳದಳ ನೀರಿಳಿಯಿತು. ಸೆಕ್ರೆಟರಿಗೆ ಇಷ್ಟು ಭಕ್ತಿ ಇದೆಯೆಂದು ಗೊತ್ತೇ ಇರಲಿಲ್ಲ ಎಂದು ಹೆಂಗಸರು ಮಾತಾಡಿಕೊಂಡರು. ಹಲ್ಲಿಲ್ಲದ ಅಜ್ಜಿಯೊಬ್ಬರು ಮಾತ್ರ ಅಗಿಯದೆ ನುಂಗಿ ನಗುತ್ತ ಹೋದರು. ಉಳಿದವರೆಲ್ಲ ಒಂದು ಕಣ್ಣು ಮುಚ್ಚಿ, ತುಟಿ ಬಿಗಿದು, ಕೈ ಮುಗಿದು ದಾಟಿದರು. ಹುಳಿ ಎಂಬ ಶಬ್ದ ಯಾವ ಭಾಷೆಯಲ್ಲೂ ಯಾರ ಬಾಯಿಂದಲೂ ಹೊರಡಲಿಲ್ಲ.

ಕೊನೆಗೆ ಮರೆಪ್ಪನವರು ಅಂಗೈ ಚಾಚಿದರು. ತಾಟಿನಲ್ಲಿ ಉಳಿದಿದ್ದ ಒಂದೇ ಕಾಳನ್ನು ಶಿವಪುತ್ರಪ್ಪ ಅವರ ಕೈಗೆ ಹಾಕಿದ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ, ಕಸುಬಿನವರು ಅಗಿಯುವಂತೆ ಮುಂದಿನ ಹಲ್ಲಿನಲ್ಲಿ ಮೆಲ್ಲನೆ ಒಡೆದರು. ಅವರ ಮೀಸೆ ಒಮ್ಮೆ ಎಡಕ್ಕೆ ಹೋಗಿ, ಬಲಕ್ಕೆ ಬಂದು, ನಡುಗಿ ನಿಂತಿತು. ಇಡೀ ಸೊಸೈಟಿ ಅವರ ಮುಖ ನೋಡುತ್ತಿತ್ತು. ಜೇಬಿನಲ್ಲಿ ಅವರ ಫೋನು ಹೊಡೆದುಕೊಳ್ಳುತ್ತಿತ್ತು.

"ಹ್ಯಾಂಗೈತ್ರಿ ಬೀಗರ?" ಎಂದು ಶಿವಪುತ್ರಪ್ಪ ಕೇಳಿದ. ಕೇಳಬಾರದಿತ್ತು; ಬಾಯಿಂದ ಹೊರಟುಹೋಯಿತು.

ಮರೆಪ್ಪನವರು ಅವನ ಕಡೆ ತಿರುಗಿದರು. ಒಂದು ಮಾತು ಗಂಟಲಿನವರೆಗೆ ಬಂದದ್ದು ಎಲ್ಲರಿಗೂ ಕಾಣಿಸಿತು. ಅದು ಹಾಗೇ ಕೆಳಗಿಳಿದದ್ದೂ ಕಾಣಿಸಿತು.

"ಪ್ರಸಾದಕ್ಕ ರುಚಿ ಹೇಳಬಾರದ್ರಿ," ಎಂದರು ಕೊನೆಗೆ. ಆಮೇಲೆ ದನಿ ತಗ್ಗಿಸಿ, "ನೀರಿದ್ರ ಒಂದ ತಂಬಿಗಿ ಕೊಡ್ರಿ."

"ಊರಾಗ ಕೇಳಿದ್ರ ಏನ್ ಹೇಳತೀರಿ?"

"ಏನ್ ಹೇಳೂದು? ರಾಧಿಕಾನ ಅಪ್ಪನ ಗಿಡದಾಗ ದೇವಿ ಅದಾಳ, ಪ್ರಸಾದ ಸಿಕ್ತು ಅಂತ ಹೇಳತೀನಿ. ಅದಕ್ಕಿಂತ ಹೆಚ್ಚಿಗಿ ಹೇಳಾಕ ಬರಂಗಿಲ್ಲ."

ಸೇವಂತಿ ತಂಬಿಗೆ ತಂದುಕೊಟ್ಟಳು. ಮರೆಪ್ಪನವರು ಎತ್ತಿ ಒಂದೇ ಉಸಿರಿಗೆ ಕುಡಿದರು, ಫೋನು ತೆಗೆದರು, "ಹಾಂ, ತಿಂದೆ, ತಿಂದೆ" ಎಂದು ಗೇಟಿನ ಕಡೆ ನಡೆದರು.

ಶಿವಪುತ್ರಪ್ಪ ತಾಟಿಗೆ ಅಂಟಿದ್ದ ರಸವನ್ನು ಬೆರಳಿನಿಂದ ಸವರಿ ನಾಲಗೆಗೆ ಮುಟ್ಟಿಸಿದ. ಅವನ ಎಡಗಣ್ಣು ತಾನಾಗಿ ಮುಚ್ಚಿತು. ಆ ನವರಾತ್ರಿಯಲ್ಲಿ ಆ ಗಿಡಕ್ಕೆ ಕೈ ಮುಗಿಯದೆ ಉಳಿದವನು ಇಡೀ ಶಾಂತಿನಿಕುಂಜದಲ್ಲಿ ಅವನೊಬ್ಬನೇ. ಅವನು ತಾಟನ್ನು ಕೆಳಗಿಟ್ಟ, ಚಪ್ಪಲಿ ಬಿಟ್ಟ, ಬರಿಮೈಯಾಗಿ ನಿಂತಿದ್ದ ಗಿಡದ ಮುಂದೆ ಹೋಗಿ ಉದ್ದಕ್ಕೂ ಅಡ್ಡಬಿದ್ದ.